ಬರಲ್ಲ, ಆಗಲ್ಲ, ಗೊತ್ತಿಲ್ಲ: ಭಾಷೆ ತಿಳಿಯದಿರುವುದನ್ನು ಬರೆದಿಡುವ ಬಗೆ

(ಆಸ್ಪತ್ರೆ, ಠಾಣೆ, ಬ್ಯಾಂಕು, ನೋಂದಣಿ ಕಚೇರಿಗಳಲ್ಲಿ ಜನರ ಮಾತನ್ನು ಕಾಗದಕ್ಕೆ ಇಳಿಸುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಕಟ್ಟಡದ ಸಾರವೆಯಿಂದ ಬಿದ್ದ ಕೂಲಿಕಾರರೊಬ್ಬರನ್ನು ರಾತ್ರಿ ಆಸ್ಪತ್ರೆಗೆ ತಂದಿದ್ದಾರೆ ಎಂದುಕೊಳ್ಳಿ. ಊರು ಒಡಿಶಾ, ತಲೆಗೆ ಪೆಟ್ಟು, ಎಚ್ಚರ ಇದೆ. ಬೆಳಿಗ್ಗೆ ಪಾಳಿ ಬದಲಾಗುವಾಗ ರಾತ್ರಿಯ ಸಿಸ್ಟರ್ ಬೆಳಗಿನವರಿಗೆ ಬಾಯಿಮಾತಿನಲ್ಲಿ ಒಪ್ಪಿಸುತ್ತಾರೆ: "ಮೂರನೇ ಬೆಡ್ಡು, ಹೆಡ್ ಇಂಜುರಿ, ಪೇಶೆಂಟಿಗೆ ಮಾತು ಬರಲ್ಲ." ಹೇಳಿದವರ ಮನಸ್ಸಿನಲ್ಲಿದ್ದದ್ದು ಕನ್ನಡ ಬರಲ್ಲ ಅಂತ. ಕೇಳಿಸಿಕೊಂಡವರಿಗೆ ತಲುಪಿದ್ದು ಮಾತೇ ನಿಂತಿದೆ ಅಂತ. ಮೊದಲನೆಯದಾದರೆ ಒಡಿಯಾ ಬಲ್ಲವರನ್ನು ಹುಡುಕಬೇಕು, ಎರಡನೆಯದಾದರೆ ಸ್ಕ್ಯಾನಿಂಗಿಗೆ ಓಡಬೇಕು. ಇದು ತಿರುವುಮುರುವಾದರೆ ಇನ್ನೂ ಅಪಾಯ. ಏಟಿನಿಂದ ನಿಜವಾಗಿಯೂ ಮಾತು ತೊದಲುತ್ತಿರುವವರನ್ನು "ಪಾಪ, ಭಾಷೆ ಬರಲ್ಲ" ಎಂದುಕೊಂಡು ಬಿಟ್ಟುಬಿಡುವ ಸಾಧ್ಯತೆ ಅಲ್ಲಿದೆ.

ಇವತ್ತಿನ ಮಾತೆಲ್ಲ ಈ "ಬರಲ್ಲ" ಎಂಬ ಪದದ ಸುತ್ತಲೇ. "ಭಾಷೆ ಬರಲ್ಲ" ಎಂಬುದು ಪೂರ್ತಿ ವಾಕ್ಯದ ಹಾಗೆ ಕಾಣುತ್ತದೆ, ಆದರೆ ಹೇಳುವುದು ಅರ್ಧವನ್ನೇ. ಏನು ಬರಲ್ಲ? ಕೇಳಿ ತಿಳಿಯುವುದೋ, ಆಡುವುದೋ, ಓದುವುದೋ, ಬರೆಯುವುದೋ? ಯಾವ ಕೆಲಸಕ್ಕೆ ಸಾಲುವಷ್ಟು ಬರಲ್ಲ? ತರಕಾರಿ ಕೊಳ್ಳುವುದಕ್ಕೋ, ಎಲ್ಲಿ ನೋವು ಎಂದು ಹೇಳುವುದಕ್ಕೋ, ಕ್ರಯಪತ್ರಕ್ಕೆ ಸಹಿ ಹಾಕುವುದಕ್ಕೋ? ಈ ಪ್ರಶ್ನೆಗಳಿಗೆ ಉತ್ತರ ಕೊಡದ "ಬರಲ್ಲ" ನಿಮ್ಮ ರಿಜಿಸ್ಟರಿನಲ್ಲಿ ಜಾಗ ಹಿಡಿಯುತ್ತದೆಯೇ ಹೊರತು ಕೆಲಸಕ್ಕೆ ಬರುವುದಿಲ್ಲ.

ಮೊದಲು ನಮ್ಮ ಕ್ರಿಯಾಪದಗಳನ್ನೇ ನೋಡೋಣ. ಕನ್ನಡದಲ್ಲಿ ಭಾಷೆ ನಮ್ಮ ಹತ್ತಿರ "ಬರುತ್ತದೆ". ನನಗೆ ಕನ್ನಡ ಬರುತ್ತೆ, ಈಜು ಬರುತ್ತೆ, ಅಡುಗೆ ಬರುತ್ತೆ. ನಿದ್ದೆ ಬರುವುದೂ ಜ್ವರ ಬರುವುದೂ ಇದೇ ಪದದಲ್ಲಿ. ಬರುವುದು ಅದು, ನಾವು ಬರೀ "ನನಗೆ". ಹಾಗಾಗಿ "ನನಗೆ ಕನ್ನಡ ಬರಲ್ಲ" ಎಂದಾಗ ಯಾರ ಮೇಲೂ ತಪ್ಪು ಬೀಳುವುದಿಲ್ಲ. "ನಾನು ಕನ್ನಡ ಕಲಿತಿಲ್ಲ" ಎಂದು ನೋಡಿ, "ನನಗೆ" ಹೋಗಿ "ನಾನು" ಬಂತು, ಹೊಣೆಯೂ ಜೊತೆಗೆ ಬಂತು. ಪತ್ರಿಕೆಯ ತಲೆಬರಹದಲ್ಲಿ "ಹತ್ತು ವರ್ಷವಾದರೂ ಕನ್ನಡ ಕಲಿಯದ ಅಧಿಕಾರಿ" ಎನ್ನುವುದಕ್ಕೂ "ಕನ್ನಡ ಬಾರದ ಅಧಿಕಾರಿ" ಎನ್ನುವುದಕ್ಕೂ ಇರುವ ಬಿಸಿಯ ವ್ಯತ್ಯಾಸ ಇದೇ. ಸುದ್ದಿ ಬರೆಯುವವರು ಇದನ್ನು ತಿಳಿದೇ ಬಳಸುತ್ತಾರೆ. ಹೇಳಿಕೆ ಬರೆದುಕೊಳ್ಳುವವರು ತಿಳಿಯದೆ ಬಳಸಿಬಿಡುತ್ತಾರೆ. ಎದುರಿಗಿದ್ದವರು "ಬರಲ್ಲ" ಎಂದರೆ "ಬರುವುದಿಲ್ಲ" ಎಂದೇ ಬರೆಯಿರಿ. "ಕಲಿತಿರುವುದಿಲ್ಲ" ಎಂದು ಕಚೇರಿ ಕನ್ನಡಕ್ಕೆ ತಿರುಗಿಸಬೇಡಿ.

"ಬರು" ಧಾತುವಿನ ನಿಷೇಧ ರೂಪಗಳು ಒಂದಕ್ಕೊಂದು ಪರ್ಯಾಯವಲ್ಲ. "ಬರಲ್ಲ" ಎಂದರೆ ಅದು ಇರುವ ಸ್ಥಿತಿ. "ಬಂದಿಲ್ಲ" ಎಂದರೆ ಇನ್ನೂ ಬಂದಿಲ್ಲ, ಬರುವ ದಾರಿಯಲ್ಲಿದೆ. "ಬರಲಿಲ್ಲ" ಎಂದರೆ ಪ್ರಯತ್ನ ನಡೆದಿತ್ತು, ಕೈಗೂಡಲಿಲ್ಲ. "ಬರುತ್ತಿರಲಿಲ್ಲ" ಎಂದರೆ ಆಗ ಇರಲಿಲ್ಲ, ಈಗ ಇರಬಹುದು. ಹತ್ತು ವರ್ಷದ ಹಿಂದೆ ಬರೆದುಕೊಟ್ಟ ಪತ್ರದ ಬಗ್ಗೆ ವಿಚಾರಣೆ ನಡೆಯುವಾಗ ಇದು ಮುಖ್ಯ. ಇವತ್ತು ಕಟಕಟೆಯಲ್ಲಿ ನಿಂತು ಸರಾಗ ಕನ್ನಡ ಆಡುವವರಿಗೆ ಅಂದು ಒಂದಕ್ಷರವೂ ಬರುತ್ತಿರಲಿಲ್ಲ ಎಂಬುದು ಸಾಧ್ಯ. "ಬರ್ತಾ ಇಲ್ಲ" ಎನ್ನುವುದು ಮತ್ತೂ ಬೇರೆ. ಬರುವ ಭಾಷೆಯೇ ಗಾಬರಿಗೆ, ನೋವಿಗೆ, ಸುಸ್ತಿಗೆ ಈ ಗಳಿಗೆಯಲ್ಲಿ ನಾಲಿಗೆಗೆ ಸಿಗುತ್ತಿಲ್ಲ. ಇನ್ನು "ಮರೆತುಹೋಗಿದೆ". ಚಿಕ್ಕಂದಿನಲ್ಲಿ ಆಡುತ್ತಿದ್ದ ಭಾಷೆಯನ್ನು ಕಳೆದುಕೊಂಡವರಿಗೆ ಅದನ್ನು ಎಂದೂ ಕಲಿಯದವರ ಲೆಕ್ಕ ಹಾಕಬಾರದು. ಅಂಥವರು ಆಡಲಾರದೆ ಹೋದರೂ ಎಷ್ಟೋ ಸಲ ಕೇಳಿ ತಿಳಿದುಕೊಳ್ಳುತ್ತಾರೆ.

ಈಗ ಮೂರು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಓದಕ್ಕೆ ಬರಲ್ಲ, ಓದಕ್ಕೆ ಆಗಲ್ಲ, ಓದಲ್ಲ. ಬರಲ್ಲ ಎಂದರೆ ವಿದ್ಯೆ ಇಲ್ಲ. ಆಗಲ್ಲ ಎಂದರೆ ವಿದ್ಯೆ ಇದೆ, ಅಡ್ಡಿ ಇದೆ. ಕಣ್ಣಿನ ಪೊರೆ ಇರಬಹುದು, ಬೆಳಕು ಸಾಲದಿರಬಹುದು, ಡಾಕ್ಟರ ಕೈಬರಹ ಇರಬಹುದು. ಓದಲ್ಲ ಎಂದರೆ ಮನಸ್ಸಿಲ್ಲ. ಮಾತಿಗೂ ಅಷ್ಟೇ. "ಮಾತಾಡಕ್ಕೆ ಬರಲ್ಲ", "ಮಾತಾಡಕ್ಕಾಗಲ್ಲ", "ಮಾತಾಡಲ್ಲ" ಎಂಬ ಮೂರರಲ್ಲಿ ಕೊನೆಯದನ್ನು ತನಿಖಾಧಿಕಾರಿ ಬರೆದರೆ ಅದು ಅಸಹಕಾರದ ಆರೋಪವಾಗುತ್ತದೆ. ಬರೆಯುವ ಭರದಲ್ಲಿ ಇನ್ನೊಂದು ಎಡವಟ್ಟೂ ಆಗುತ್ತದೆ. "ಓದಲು ಬಾರದು" ಎಂಬಲ್ಲಿ "ಲು" ಬಿಟ್ಟುಹೋದರೆ "ಓದಬಾರದು" ಆಗಿ, ಓದು ಬರದವರಿಗೆ ಓದಲು ನಿಷೇಧ ಹೇರಿದಂತಾಗುತ್ತದೆ. ಕೈಬರಹದ ಹೇಳಿಕೆಗಳಲ್ಲಿ "ಬಾರದು" ಬೇಡವೇ ಬೇಡ, "ಬರುವುದಿಲ್ಲ" ಎಂದು ಪೂರ್ತಿ ಬರೆಯುವುದೇ ವಾಸಿ.

ಸೀಮೆಯಿಂದ ಸೀಮೆಗೂ ಪದ ಮೋಸ ಮಾಡುತ್ತದೆ. ಧಾರವಾಡದ ಕಡೆ "ಅಂವ ಕನ್ನಡ ಮಾತಾಡಂಗಿಲ್ಲ" ಎಂದರೆ ಅವನು ಕನ್ನಡ ಆಡುವುದಿಲ್ಲ ಎಂದಷ್ಟೇ. ಅದೇ ಸಾಲು ಮೈಸೂರಿನ ಕಿವಿಗೆ "ಮಾತಾಡುವ ಹಾಗಿಲ್ಲ" ಎಂದು ಕೇಳಿಸುತ್ತದೆ. ಕಲಬುರಗಿಯವರು "ತಿಳಿಯಂಗಿಲ್ಲ", ಮಂಗಳೂರಿನವರು "ಬರುದಿಲ್ಲ", ಬೆಂಗಳೂರಿನವರು "ಬರಲ್ಲ" ಎನ್ನುತ್ತಾರೆ. ಆಡಿದ್ದನ್ನು ಗ್ರಾಂಥಿಕಕ್ಕೆ ಇಳಿಸುವಾಗ ರೂಪ ಬದಲಾದರೆ ಚಿಂತೆಯಿಲ್ಲ. "ಇಲ್ಲ" ಎಂಬುದು "ಕೂಡದು" ಆಗದಂತೆ ನೋಡಿಕೊಂಡರೆ ಸಾಕು.

"ಗೊತ್ತಿಲ್ಲ" ಎನ್ನುವುದರ ಕಥೆ ಬೇರೆ. ಗೊತ್ತು ಎಂಬುದು ಮೂಲತಃ ಸಂಗತಿಗೆ ಸೇರಿದ ಪದ. ದಾರಿ ಗೊತ್ತು, ಬೆಲೆ ಗೊತ್ತು, ಅವರ ಮನೆ ಗೊತ್ತು. ಭಾಷೆಗೂ ಬಳಸುತ್ತೇವೆ, ತಪ್ಪೇನಿಲ್ಲ. ತೊಂದರೆ ಬರುವುದು ವಿಚಾರಣೆಯಲ್ಲಿ. "ಅವತ್ತು ರಾತ್ರಿ ಅಲ್ಲಿ ಯಾರ್‍ಯಾರಿದ್ರು?" ಎಂದು ಕೇಳಿದಾಗ ಎದುರಿನವರು "ಗೊತ್ತಿಲ್ಲ" ಎಂದರೆ ಯಾವುದು ಗೊತ್ತಿಲ್ಲ? ಅಲ್ಲಿದ್ದವರು ಗೊತ್ತಿಲ್ಲವೋ, ನೀವು ಕೇಳಿದ ಭಾಷೆ ಗೊತ್ತಿಲ್ಲವೋ? ಬೆಂಗಳೂರಿಗೆ ಬಂದವರು ಮೊದಲು ಕಲಿಯುವ ಎರಡು ಪದ "ಕನ್ನಡ್ ಗೊತ್ತಿಲ್ಲ" ಆಗಿರುವುದರಿಂದ ಈ ಗೊಂದಲ ದಿನವೂ ಆಗುವಂಥದ್ದು. "ಗೊತ್ತಿಲ್ಲ ಎಂದು ತಿಳಿಸಿದರು" ಎಂದು ದಾಖಲಿಸುವ ಮೊದಲು ಅದೇ ಪ್ರಶ್ನೆಯನ್ನು ಅವರ ಭಾಷೆಯಲ್ಲಿ ಒಮ್ಮೆ ಕೇಳಿಸಿ. "ಗೊತ್ತಿಲ್ಲ" ಮತ್ತು "ಗೊತ್ತಾಗಲ್ಲ" ನಡುವೆಯೂ ಒಂದು ಗೆರೆ ಇದೆ. "ಕನ್ನಡ ಗೊತ್ತಾಗಲ್ಲ" ಎಂದವರು ಕಿವಿಗೆ ಬಿದ್ದದ್ದು ತಿಳಿಯುವುದಿಲ್ಲ ಎನ್ನುತ್ತಿದ್ದಾರೆ. "ಗೊತ್ತಾಗುತ್ತೆ, ಬರಲ್ಲ" ಎಂಬ ವಾಕ್ಯ ಅಸಂಬದ್ಧವಾಗಿ ಕೇಳಿಸಿದರೂ ತೀರಾ ಖಚಿತವಾದ ವಾಕ್ಯ: ಕಿವಿಗೆ ಇದೆ, ಬಾಯಿಗೆ ಇಲ್ಲ.

ನೆರೆಹೊರೆಯ ಭಾಷೆಗಳು ಇದನ್ನು ಹೇಗೆ ಹೇಳುತ್ತವೆ ಎಂದು ತಿಳಿದಿದ್ದರೆ ಎದುರಿನವರ ಕನ್ನಡದ ಹಿಂದಿರುವುದು ಕಾಣುತ್ತದೆ. ತೆಲುಗಿನಲ್ಲಿ "ನಾಕು ಕನ್ನಡ ರಾದು", ತುಳುವಿನಲ್ಲಿ "ಎಂಕ್ ಕನ್ನಡ ಬರ್ಪುಜಿ", ಮರಾಠಿಯಲ್ಲಿ "ಮಲಾ ಕನ್ನಡ ಯೇತ ನಾಹೀ", ಹಿಂದಿಯಲ್ಲಿ "ಮುಝೆ ಕನ್ನಡ ನಹೀಂ ಆತೀ". ಇವೆಲ್ಲದರಲ್ಲೂ ನಮ್ಮ ಹಾಗೆಯೇ ಭಾಷೆ "ಬರುವುದಿಲ್ಲ". ತಮಿಳಿನಲ್ಲಿ "ತೆರಿಯಾದು", ಮಲಯಾಳದಲ್ಲಿ "ಅರಿಯಿಲ್ಲ". ಎರಡೂ "ತಿಳಿಯದು" ಎಂಬರ್ಥದವು, ಸಂಗತಿಗೂ ಭಾಷೆಗೂ ಅದೇ ಪದ. ಹಾಗಾಗಿ ತಮಿಳು ಮನೆಮಾತಿನವರ ಬಾಯಲ್ಲಿ "ಗೊತ್ತಿಲ್ಲ" ಬಂದಾಗ ಇಮ್ಮಡಿ ಎಚ್ಚರ ಬೇಕು. ಮಲಯಾಳದ ಅರಿ ನಮ್ಮ "ಅರಿಯೆ" ಎಂಬುದರ ಸೋದರ. ನಾವು ಅದನ್ನು ಕಾವ್ಯಕ್ಕೆ ಬಿಟ್ಟುಕೊಟ್ಟಿದ್ದೇವೆ, ಅವರು ಬಸ್ ಸ್ಟ್ಯಾಂಡಿನಲ್ಲೂ ಬಳಸುತ್ತಾರೆ.

ಭಾಷೆಯ ಕಿವಿ, ಬಾಯಿ, ಕಣ್ಣು, ಕೈ ಎಂದು ನಾಲ್ಕು ಬಾಗಿಲು ಇಟ್ಟುಕೊಳ್ಳಿ: ಕೇಳಿ ತಿಳಿಯುವುದು, ಆಡುವುದು, ಓದುವುದು, ಬರೆಯುವುದು. ಯಾವುದೇ ಬಾಗಿಲು ತೆರೆದಿದ್ದು ಉಳಿದವು ಮುಚ್ಚಿರಬಹುದು. ಅಮೆರಿಕದಲ್ಲಿ ಬೆಳೆದ ಕನ್ನಡಿಗರ ಮಕ್ಕಳಿಗೆ ಎಷ್ಟೋ ಸಲ ಕಿವಿಯ ಬಾಗಿಲು ಮಾತ್ರ ತೆರೆದಿರುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಬೆಂಗಳೂರಿನಲ್ಲಿ ಅಂಗಡಿ ಇಟ್ಟವರಿಗೆ ಕಿವಿ, ಬಾಯಿ ಎರಡೂ ಪಳಗಿದ್ದು ಅಂಗಡಿಯ ಬೋರ್ಡು ಓದಲು ಬರದಿರಬಹುದು. ಐದನೆಯದೊಂದು ಸ್ಥಿತಿಯೂ ಇದೆ, ಅದನ್ನೇ ಎಲ್ಲರೂ ಮರೆಯುವುದು. ಅಕ್ಷರ ಬರುತ್ತದೆ, ಭಾಷೆ ಬರುವುದಿಲ್ಲ. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಸ್ತೋತ್ರವನ್ನು ನಮ್ಮಲ್ಲಿ ಬಹಳ ಮಂದಿ ಗಡಗಡ ಓದುತ್ತಾರೆ, ಅರ್ಥ ಕೇಳಿದರೆ ನಗುತ್ತಾರೆ. ತೆಲುಗು ಲಿಪಿ ನಮ್ಮದಕ್ಕೆ ಹತ್ತಿರವಾದ್ದರಿಂದ ಹೈದರಾಬಾದಿನ ಬೋರ್ಡನ್ನು ತಡವರಿಸಿಕೊಂಡು ಓದಬಲ್ಲೆವು, ಹಾಗೆಯೇ ತೆಲುಗಿನವರು ನಮ್ಮ ಅರ್ಜಿಯನ್ನು ಗಟ್ಟಿಯಾಗಿ ಓದಿಬಿಡಬಹುದು. ಓದಿದ್ದನ್ನು ಕೇಳಿದವರು "ಇವರಿಗೆ ಕನ್ನಡ ಬರುತ್ತದೆ" ಎಂದು ಬರೆದರೆ ಮುಗಿಯಿತು, ಆ ತಪ್ಪು ಫೈಲಿನ ಜೊತೆ ಕೊನೆಯವರೆಗೂ ಹೋಗುತ್ತದೆ.

ಜನಗಣತಿ ಈ ಭೇದಗಳನ್ನು ಒಂದು ಮಟ್ಟಿಗೆ ಮಾಡುತ್ತದೆ. 2011ರ ಗಣತಿಯಲ್ಲಿ ಮಾತೃಭಾಷೆಗೆ ಒಂದು ಪ್ರಶ್ನೆ, ಗೊತ್ತಿರುವ ಇತರ ಭಾಷೆಗಳಿಗೆ ಇನ್ನೊಂದು, ಎರಡು ಭಾಷೆಗಳವರೆಗೆ. ಇತರ ಭಾಷೆ "ಗೊತ್ತಿದೆ" ಎನ್ನಲು ಓದು ಬರಹ ಬರಬೇಕಿಲ್ಲ, ತಿಳಿದು ಸಂಭಾಷಿಸಲು ಸಾಲುವಷ್ಟಿದ್ದರೆ ಸಾಕು. ಮಾತೃಭಾಷೆ ಎಂದರೆ ಚಿಕ್ಕಂದಿನಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಭಾಷೆ. ಅಂದರೆ ಮಾತೃಭಾಷೆಯ ಅಂಕಣದಲ್ಲಿ ಇರುವುದು ತಾಯಿಯ ಮಾತಿನ ಲೆಕ್ಕ, ಈ ವ್ಯಕ್ತಿಗೆ ಇವತ್ತು ಆ ಭಾಷೆ ಎಷ್ಟು ಬರುತ್ತದೆ ಎಂಬ ಲೆಕ್ಕ ಅಲ್ಲಿಲ್ಲ. ಸಾಕ್ಷರತೆಯ ಪ್ರಶ್ನೆಯಂತೂ ಪೂರ್ತಿ ಬೇರೆ: 7 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಯಾವುದಾದರೂ ಒಂದು ಭಾಷೆಯಲ್ಲಿ ತಿಳಿದು ಓದಲು ಮತ್ತು ಬರೆಯಲು ಬರುವವರು ಸಾಕ್ಷರರು. ಓದು ಮಾತ್ರ ಬಂದು ಬರೆಯಲು ಬರದಿದ್ದರೆ ಲೆಕ್ಕಕ್ಕಿಲ್ಲ.

"ಯಾವುದಾದರೂ ಒಂದು ಭಾಷೆ" ಎಂಬುದನ್ನು ಗುರುತು ಹಾಕಿಕೊಳ್ಳಿ. ಬ್ಯಾಂಕಿನಲ್ಲೋ ಉಪನೋಂದಣಿ ಕಚೇರಿಯಲ್ಲೋ ತಮಿಳು ಪತ್ರಿಕೆಯನ್ನು ದಿನಾ ಓದುವ ಹೆಂಗಸೊಬ್ಬರು ಕನ್ನಡದ ಕಾಗದದ ಮುಂದೆ ಕುಳಿತಿದ್ದಾರೆ. ಓದಲು ಬರಲ್ಲ ಎಂದರು. "ಅನಕ್ಷರಸ್ಥೆ" ಎಂದು ಬರೆದು ಹೆಬ್ಬೆಟ್ಟು ಒತ್ತಿಸಿದರೆ ಎರಡು ತಪ್ಪು ಒಟ್ಟಿಗೆ ಆದವು. ಒಂದು, ಅವರು ಅನಕ್ಷರಸ್ಥರಲ್ಲ. ಎರಡು, ನಾಳೆ ಅವರು ಬೇರೆಲ್ಲೋ ತಮಿಳಿನಲ್ಲಿ ಚೆಂದವಾಗಿ ಸಹಿ ಮಾಡಿದ್ದು ಹೊರಬಂದರೆ, ಹೆಬ್ಬೆಟ್ಟಿನ ಈ ಪತ್ರವೇ ಅನುಮಾನಕ್ಕೆ ಗುರಿಯಾಗುತ್ತದೆ. ಬರೆಯಬೇಕಾದದ್ದು: "ತಮಿಳು ಓದಲು ಬರೆಯಲು ಬರುತ್ತದೆ. ಕನ್ನಡ ಓದಲು ಬರುವುದಿಲ್ಲ. ಪತ್ರದ ವಿಷಯವನ್ನು ತಮಿಳಿನಲ್ಲಿ ಓದಿ ತಿಳಿಸಲಾಗಿದೆ." ಸಾಲ ಮತ್ತು ವಿಮೆ ಅರ್ಜಿಗಳ ಕೊನೆಯಲ್ಲಿ ಇದಕ್ಕೆಂದೇ ವರ್ನ್ಯಾಕ್ಯುಲರ್ ಡಿಕ್ಲರೇಶನ್ ಎಂಬ ಪೆಟ್ಟಿಗೆ ಇರುತ್ತದೆ, ವಿಷಯವನ್ನು ಯಾವ ಭಾಷೆಯಲ್ಲಿ, ಯಾರು ವಿವರಿಸಿದರು ಎಂದು ತುಂಬಬೇಕಾದದ್ದು. ಅಲ್ಲಿ ಭಾಷೆಯ ಹೆಸರಿನ ಜಾಗ ಖಾಲಿ ಬಿಟ್ಟು ಸಹಿ ಹಾಕಿಸಿದರೆ ಆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ವ್ಯಕ್ತಿಗೆ ಅಂಟಿಸುವ ಪದಗಳಲ್ಲಿ "ಕನ್ನಡೇತರರು" ಎಂಬುದನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅದು ಯಾರು ಎಂಬುದನ್ನು ಹೇಳುತ್ತದೆ, ಏನು ಬರುತ್ತದೆ ಎಂಬುದನ್ನು ಹೇಳುವುದಿಲ್ಲ. 2011ರಲ್ಲಿ ಕರ್ನಾಟಕದ ಜನರಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಸುಮಾರು ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲಿಗೆ ಕನ್ನಡ ಬರುವುದಿಲ್ಲ ಎಂದು ಲೆಕ್ಕ ಹಾಕುವವರು ಆಗಾಗ ಸಿಗುತ್ತಾರೆ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ತೆಲುಗು ಮನೆಮಾತಿನ ಲಕ್ಷಾಂತರ ಜನ ಶಾಲೆಯಿಂದ ಸಂತೆಯವರೆಗೆ ಕನ್ನಡದಲ್ಲೇ ಬದುಕುವವರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದವರು. "ಕನ್ನಡ ಬಾರದವರು" ಎನ್ನಿ, ಬೇಕಾದದ್ದು ಅದೇ ಆದರೆ.

ಈಗ ಕಾನೂನಿನ ಕಡೆಗೆ ಬರೋಣ, ಏಕೆಂದರೆ ಪದ ತಪ್ಪಿದರೆ ಬೆಲೆ ತೆರಬೇಕಾಗುವ ಜಾಗ ಅದು. ಮುಂಜಾಗ್ರತಾ ಬಂಧನಕ್ಕೆ, ಅಂದರೆ ಮುಂದೆ ತೊಂದರೆ ಮಾಡಬಹುದೆಂದು ಮೊದಲೇ ಹಿಡಿದಿಡುವುದಕ್ಕೆ, ಒಳಗಾದವರಿಗೆ ಬಂಧನದ ಕಾರಣಗಳನ್ನು ತಿಳಿಸಬೇಕು ಎಂದು ಸಂವಿಧಾನದ 22(5)ನೇ ವಿಧಿ ಹೇಳುತ್ತದೆ. 1962ರಲ್ಲಿ ನಾಗಪುರದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಬಂಧಿತರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾರಣಗಳ ಪತ್ರ ಇಂಗ್ಲಿಷಿನಲ್ಲಿತ್ತು. ಹಿಂದಿ ಅನುವಾದ ಕೇಳಿದರು, ಸಿಗಲಿಲ್ಲ. ಪೊಲೀಸ್ ಅಧಿಕಾರಿ ಬಾಯಲ್ಲಿ ಅನುವಾದಿಸಿ ಹೇಳಿದ್ದಾರೆ, ಇಂಗ್ಲಿಷ್ ಇನ್ನೂ ಆಡಳಿತ ಭಾಷೆಯೇ ತಾನೇ, ಎಂಬುದು ಸರ್ಕಾರದ ವಾದ. ಅದು ಸಾಲದು, ಬಂಧಿತರು ತಿಳಿಯಬಲ್ಲ ಭಾಷೆಯಲ್ಲಿ, ಅವರು ಓದಬಲ್ಲ ಲಿಪಿಯಲ್ಲಿ ಕೊಡಬೇಕಿತ್ತು ಎಂದು ನ್ಯಾಯಾಲಯ ಬಂಧನವನ್ನು ರದ್ದು ಮಾಡಿತು. ಭಾಷೆ ಒಂದು, ಲಿಪಿ ಇನ್ನೊಂದು ಎಂಬುದು ಇಲ್ಲೂ ಬಂತು ನೋಡಿ. 1981ರ ಇನ್ನೊಂದು ತೀರ್ಪಿನಲ್ಲಿ ಬಂಧಿತರ ಭಾಷೆ ಗುಜರಾತಿ. ಗುಜರಾತಿಯಲ್ಲಿ ಪೂರ್ತಿ ವಿವರಿಸಿದ್ದೇನೆ ಎಂದು ಇನ್‌ಸ್ಪೆಕ್ಟರು ಪ್ರಮಾಣಪತ್ರವನ್ನೇ ಸಲ್ಲಿಸಿದ್ದರು. ಬರಹದಲ್ಲಿ ಕೊಟ್ಟಿಲ್ಲವಾದ್ದರಿಂದ ಅದೂ ನಿಲ್ಲಲಿಲ್ಲ.

ಸಹಿಯ ಬಗ್ಗೆಯೂ ಒಂದು ತೀರ್ಪು ಇದೆ, 1980ರದು. ಇಂಗ್ಲಿಷ್ ಕಾಗದಗಳಿಗೆ ಸಹಿ ಹಾಕಿದ್ದಾರೆ, ಹಾಗಾಗಿ ಇಂಗ್ಲಿಷ್ ಬರುತ್ತದೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸಹಿ ಹಾಕಿದ ಮಾತ್ರಕ್ಕೆ ಭಾಷೆ ಬಲ್ಲರು ಎಂದು ಊಹಿಸುವಂತಿಲ್ಲ ಎಂದಿತು. ಹಾಗಂತ "ಬರಲ್ಲ" ಎಂದವರೆಲ್ಲರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಾಗಿಯೂ ಇಲ್ಲ. 1985ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಗುಜರಾತಿ ಬಿಟ್ಟು ಬೇರೇನೂ ಬರಲ್ಲ ಎಂದ ಬಂಧಿತರ ಹೇಳಿಕೆಯನ್ನು ಸುಪ್ರೀಂ ಕೋರ್ಟು ಸುತ್ತಲಿನ ಸಂದರ್ಭ ನೋಡಿ ತಳ್ಳಿಹಾಕಿತು, ಬರಲ್ಲ ಎಂಬುದು ನಟನೆ ಎಂದಿತು. ಈ ನಾಲ್ಕನ್ನೂ ಒಟ್ಟಿಗೆ ಓದಿದರೆ ನಿಮ್ಮ ಕೆಲಸಕ್ಕೆ ಬೇಕಾದದ್ದು ಸಿಗುತ್ತದೆ. ಭಾಷೆ ಬರುತ್ತದೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ತೀರ್ಮಾನ ಬರೆಯುವುದಕ್ಕಿಂತ, ಕಂಡದ್ದನ್ನು ಬರೆದಿಟ್ಟರೆ ಮುಂದೆ ತೀರ್ಮಾನಿಸುವವರಿಗೆ ಆಧಾರ ಇರುತ್ತದೆ.

ಕಂಡದ್ದು ಎಂದರೆ ಏನು? ಮೂರೇ ನಿಮಿಷದ ಕೆಲಸ. "ಕನ್ನಡ ಬರುತ್ತಾ?" ಎಂದು ಕೇಳಬೇಡಿ. ಮರ್ಯಾದೆಗೆ, ಭಯಕ್ಕೆ, ಬೇಗ ಮುಗಿಯಲಿ ಎಂಬ ಆಸೆಗೆ "ಹೂಂ" ಎಂಬ ಉತ್ತರ ಬರುತ್ತದೆ. ಆ ಹೂಂ ಯಾವುದಕ್ಕೂ ಸಾಕ್ಷಿಯಲ್ಲ. ಹೌದು ಅಲ್ಲ ಎಂದು ಉತ್ತರಿಸಲಾಗದ ಪ್ರಶ್ನೆ ಕೇಳಿ: "ಮನೆಯಿಂದ ಇಲ್ಲಿಗೆ ಹೇಗೆ ಬಂದ್ರಿ?" ಕನ್ನಡದಲ್ಲಿ ಸರಿಯಾದ ಉತ್ತರ ಬಂದರೆ ಕಿವಿ, ಬಾಯಿ ಎರಡೂ ಅಷ್ಟರಮಟ್ಟಿಗೆ ಇವೆ. ಉತ್ತರ ಹಿಂದಿಯಲ್ಲಿ ಬಂದರೂ ಪ್ರಶ್ನೆಗೆ ಹೊಂದಿಕೊಂಡಿದ್ದರೆ ಕಿವಿ ಇದೆ, ಬಾಯಿ ಇಲ್ಲ. ಇದಕ್ಕೂ ಹೂಂ ಬಂದರೆ ಎರಡೂ ಇಲ್ಲ. ಕೇಳುವಾಗ ಕೈ, ಕಣ್ಣು ಆಡಿಸಬೇಡಿ. ಕೈಸನ್ನೆ ಕೂಡಿದರೆ ನೀವು ಅಳೆಯುತ್ತಿರುವುದು ಅವರ ಜಾಣತನವನ್ನು.

ಆಮೇಲೆ ಸಣ್ಣದೊಂದು ಲೆಕ್ಕ. "ಈ ಮಾತ್ರೆ ದಿನಕ್ಕೆ ಎರಡು ಸಲ, ಊಟ ಆದಮೇಲೆ, ಐದು ದಿನ" ಎಂದು ಹೇಳಿ. ತಿರುಗಿ ಹೇಳಿ ಎಂದರೆ ಕಿವಿ ಚುರುಕಿರುವವರು ಗಿಣಿಪಾಠ ಒಪ್ಪಿಸಿಬಿಡುತ್ತಾರೆ. ಅದರ ಬದಲು "ಹಾಗಾದ್ರೆ ಒಟ್ಟು ಎಷ್ಟು ಮಾತ್ರೆ ಕೊಡಲಿ?" ಎಂದು ಕೇಳಿ. ಹತ್ತು ಎಂದರೆ ತಿಳಿದಿದೆ. ಕಾಲದ ಪದಗಳನ್ನೂ ಒಮ್ಮೆ ತಟ್ಟಿ ನೋಡಿ. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ "ಕಲ್" ಒಂದೇ ಪದ, ಹಾಗಾಗಿ ಹಿಂದಿಯಿಂದ ಕನ್ನಡಕ್ಕೆ ಬಂದವರು "ನಾಳೆ ವಾಂತಿ ಆಯ್ತು" ಎಂದರೆ ಆಶ್ಚರ್ಯಪಡಬೇಕಿಲ್ಲ. ನಿನ್ನೆಯೋ ಮೊನ್ನೆಯೋ ಎಂದು ವಾರದ ಹೆಸರು ಹಿಡಿದು ಖಾತ್ರಿ ಮಾಡಿಕೊಳ್ಳಿ. ಎರಡೂ ಭಾಷೆಯಲ್ಲಿರುವ ಒಂದೇ ಪದ ಇನ್ನೂ ಕೆಟ್ಟದು. ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ. ತೆಲುಗು ಮನೆಮಾತಿನವರು "ಆಪರೇಷನ್ ಅವಸರ ಇಲ್ಲ" ಎಂದರೆ "ಬೇಡ" ಎಂದಿರಬಹುದು. ನೀವು "ನಿಧಾನಕ್ಕೆ ಆಗಲಿ" ಎಂದು ತಿಳಿದು ತಾರೀಖು ಗುರುತು ಹಾಕುತ್ತೀರಿ.

ಓದಿನ ಪರೀಕ್ಷೆಗೆ ಮೂರು ಸಾಲಿನ ಚೀಟಿ ಕೊಟ್ಟು "ಇದರಲ್ಲಿ ಏನು ಮಾಡಿ ಅಂತಿದೆ?" ಎಂದು ಕೇಳಿ, ಗಟ್ಟಿಯಾಗಿ ಓದಿಸಬೇಡಿ, ಕಾರಣ ಆಗಲೇ ಹೇಳಿದೆ. "ಕನ್ನಡಕ ತಂದಿಲ್ಲ" ಎಂಬ ಉತ್ತರ ಬಂದರೆ ಅದು ನಿಜವೂ ಇರಬಹುದು, ಓದು ಬರದಿರುವುದನ್ನು ನಾಲ್ಕು ಜನರ ಮುಂದೆ ಮುಚ್ಚಿಡುವ ಗೌರವದ ದಾರಿಯೂ ಇರಬಹುದು. ಬಿಡಿಸಲು ಹೋಗಬೇಡಿ. ದೊಡ್ಡ ಅಕ್ಷರದ ಗೋಡೆಯ ಫಲಕವೊಂದನ್ನು ತೋರಿಸಿ ಕೇಳಿದರೆ ಸಾಕು.

ದುಭಾಷಿ ಬಂದ ಮೇಲೆ ಹೊಸ ತೊಂದರೆ ಶುರು. ಸಾರವೆಯಿಂದ ಬಿದ್ದವರ ಪರವಾಗಿ ಮೇಸ್ತ್ರಿಯೇ ಮಾತಾಡಿದರೆ, ಸುರಕ್ಷತಾ ಬೆಲ್ಟು ಕೊಟ್ಟಿದ್ದರೋ ಇಲ್ಲವೋ ಎಂಬ ಪ್ರಶ್ನೆಗೆ ಯಾರ ಉತ್ತರ ಬರುತ್ತದೆ ಎಂದು ಯೋಚಿಸಿ. ಹೆಂಡತಿಯ ಗಾಯಕ್ಕೆ ಗಂಡ ದುಭಾಷಿ, ತಾಯಿಯ ಕಾಯಿಲೆಗೆ ಎಂಟು ವರ್ಷದ ಮಗ ದುಭಾಷಿ, ಇವೂ ಅಂಥವೇ. ಇನ್ನೊಂದು, ಕನ್ನಡದ ಮಾತಿಗೆ ಅಂಟಿಕೊಂಡದ್ದು: ನಮ್ಮ "ಅಂತೆ". ರೋಗಿ ಎರಡು ನಿಮಿಷ ಹೇಳಿದ್ದನ್ನು ದುಭಾಷಿ "ಹೊಟ್ಟೆನೋವಂತೆ, ಮೂರು ದಿನ ಆಯ್ತಂತೆ" ಎಂದು ಮುಗಿಸುತ್ತಾರೆ. ಈ ಅಂತೆ ಎಷ್ಟು ಪ್ರಾಮಾಣಿಕ ಪ್ರತ್ಯಯ ಎಂದರೆ, ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದು ಪದದ ಬಾಲದಲ್ಲೇ ಹೇಳಿಬಿಡುತ್ತದೆ. ನೀವು ಬರೆಯುವಾಗ "ಮೂರು ದಿನಗಳಿಂದ ಹೊಟ್ಟೆನೋವು" ಎಂದು ಬಾಲ ಕತ್ತರಿಸುತ್ತೀರಿ. ಕೇಳಿಕೆಯ ಮಾತು ರೋಗಿಯ ಸ್ವಂತ ಮಾತಾಗಿ ನಿಂತುಬಿಡುತ್ತದೆ. ಅಂತೆಯನ್ನು ಕಡತಕ್ಕೆ ತರಲಾಗದು, ನಿಜ. ಅದರ ಬದಲು, ಇದು ಯಾರ ಬಾಯಿಂದ ಕೇಳಿದ್ದು ಎಂದು ಮೇಲೆ ಒಂದು ಸಾಲು ಸೇರಿಸಿ.

ಇಡೀ ದಾಖಲೆ ಹೀಗಿರಬಹುದು: "ಮನೆಮಾತು ಒಡಿಯಾ. ಹಿಂದಿ ಆಡುತ್ತಾರೆ, ಓದುತ್ತಾರೆ. ಕನ್ನಡದಲ್ಲಿ ನಿಧಾನವಾಗಿ ಹೇಳಿದ ದಿನಬಳಕೆಯ ಮಾತು ತಿಳಿಯುತ್ತದೆ. ಆಡಲು, ಓದಲು ಬರುವುದಿಲ್ಲ. ಕೆಳಗಿನ ಹೇಳಿಕೆಯನ್ನು ಹಿಂದಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದು, ಹಿಂದಿಯಲ್ಲಿ ತಿರುಗಿ ಹೇಳಿ ಒಪ್ಪಿಗೆ ಪಡೆಯಲಾಗಿದೆ." ಅದರ ಕೆಳಗೆ ಭಾಷಾಂತರಿಸಿದವರ ಹೆಸರು, ಅವರಿಗೂ ಹೇಳಿಕೆ ಕೊಟ್ಟವರಿಗೂ ಇರುವ ಸಂಬಂಧ, ಸಹಿ, ಸಮಯ. "ಓದಿ ಹೇಳಲಾಗಿ ಸರಿ ಇದೆ" ಎಂಬ ಹಳೇ ಸಾಲಿನಲ್ಲಿ ಇಲ್ಲದಿರುವುದು ಒಂದೇ: ಯಾವ ಭಾಷೆಯಲ್ಲಿ ಓದಿ ಹೇಳಲಾಯಿತು ಎಂಬುದು. ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಮು, ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತಿಳಿಯುವ ಭಾಷೆಗೆ ತೆರೆದ ನ್ಯಾಯಾಲಯದಲ್ಲೇ ಅನುವಾದಿಸಿ ಹೇಳಬೇಕು ಎಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಏರ್ಪಾಡು ಉಳಿದಿದೆ. ತಿಳಿಯುವ ಭಾಷೆ ಯಾವುದು ಎಂದು ನ್ಯಾಯಾಲಯ ಮೊದಲು ಹುಡುಕುವುದು ನೀವು ಬರೆದಿಟ್ಟ ಕಾಗದದಲ್ಲೇ.

ಅಳತೆಯ ಪದಗಳ ಬಗ್ಗೆ ಎರಡು ಮಾತು. ಅಲ್ಪಸ್ವಲ್ಪ, ತಕ್ಕಮಟ್ಟಿಗೆ, ಸುಮಾರಾಗಿ, ಇವು ಬರೆದವರ ಮನಸ್ಸಿನಲ್ಲಿ ಮಾತ್ರ ಅರ್ಥ ಇರುವ ಪದಗಳು. ಹರಕುಮುರುಕು ಎಂಬುದು ಅಳತೆಯಲ್ಲ, ಅಣಕ. ಯುರೋಪಿನ ಕೌನ್ಸಿಲ್ 2001ರಲ್ಲಿ ಹೊರತಂದ ಭಾಷಾ ಮಟ್ಟಗಳ ಚೌಕಟ್ಟು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲಿನದು, ಜರ್ಮನಿಗೆ ಹೊರಟ ನಮ್ಮ ನರ್ಸುಗಳಿಗೆಲ್ಲ ಬಾಯಿಪಾಠ. ಅದರ ವಿವರಣೆಗಳೆಲ್ಲ "ಇಂಥದ್ದು ಮಾಡಬಲ್ಲರು" ಎಂಬ ರೂಪದಲ್ಲಿವೆ. ಮೆಟ್ಟಿಲು ನಮಗೆ ಬೇಕಿಲ್ಲ, ಆ ರೂಪ ಬೇಕು. "ಕನ್ನಡ ಅಲ್ಪಸ್ವಲ್ಪ" ಎನ್ನುವ ಬದಲು "ನೋವಿನ ಜಾಗ, ದಿನ, ಹೆಸರು ಕನ್ನಡದಲ್ಲಿ ಹೇಳಬಲ್ಲರು, ಹೇಗಾಯಿತು ಎಂದು ವಿವರಿಸಲಾರರು" ಎಂದು ಬರೆದರೆ ಓದಿದವರು ತಕ್ಷಣ ಮುಂದಿನ ಕೆಲಸ ಮಾಡಬಹುದು. ಕಿವುಡರ ವಿಷಯದಲ್ಲಿಯೂ ಹೀಗೇ. "ಮಾತು ಬರಲ್ಲ" ಎಂದು ನಿಲ್ಲಿಸಬೇಡಿ. ಸನ್ನೆ ಭಾಷೆ ಬರುತ್ತದೆಯೇ, ಕನ್ನಡ ಓದಿ ತಿಳಿಯುತ್ತಾರೆಯೇ ಎಂದು ಬರೆಯಿರಿ. ಸನ್ನೆ ಭಾಷೆಯೂ ವ್ಯಾಕರಣ ಇರುವ ಭಾಷೆಯೇ.

ಕೊನೆಯಲ್ಲಿ ಸಭಿಕರಿಂದ ಒಂದು ಪ್ರಶ್ನೆ ಬಂತು: "ಕನ್ನಡ್ ಗೊತ್ತಿಲ್ಲ" ಎಂದವರ ಮೇಲೆ ಕೌಂಟರಿನಲ್ಲಿರುವವರಿಗೆ ಸಿಟ್ಟು ಬರುತ್ತದೆ, ಹೊಸಬರಿಗೆ ಅದರ ಬದಲು ಏನು ಹೇಳಿಕೊಡಬೇಕು? ಸಿಟ್ಟಿಗೆ ಕಾರಣ ಪದದಲ್ಲೇ ಇದೆ. ಗೊತ್ತಿಲ್ಲ ಎಂಬುದು ಮುಚ್ಚಿದ ಬಾಗಿಲು, ಅದರಲ್ಲಿ ನಾಳೆ ಇಲ್ಲ. ಮೂರು ಸಾಲು ಹೇಳಿಕೊಡಿ. "ಇನ್ನೂ ಸರಿಯಾಗಿ ಬರಲ್ಲ", ಇದರಲ್ಲಿ "ಇನ್ನೂ" ಎಂಬ ಪದವೇ ಅರ್ಧ ಜಗಳ ತಪ್ಪಿಸುತ್ತದೆ. "ಸ್ವಲ್ಪ ನಿಧಾನಕ್ಕೆ ಹೇಳ್ತೀರಾ", ಇಲ್ಲಿ "ಹೇಳು" ಎಂದು ಕಲಿಸಬೇಡಿ, ಏಕವಚನಕ್ಕೆ ಬೀಳುವ ಬೈಗುಳ ಭಾಷೆ ಬರದಿದ್ದಕ್ಕಿಂತ ಜಾಸ್ತಿ. ಮೂರನೆಯದು "ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಕೌಂಟರಿನ ಈಚೆ ಇರುವವರಿಗೂ ಒಂದು ಕೆಲಸ ಇದೆ. ಹೊಸಬರು ಕನ್ನಡದಲ್ಲಿ ಪದ ಹುಡುಕುತ್ತಿರುವಾಗ ನಾವು ಎರಡು ಸೆಕೆಂಡಿಗೇ ಹಿಂದಿಗೋ ಇಂಗ್ಲಿಷಿಗೋ ಹಾರಿಬಿಡುತ್ತೇವೆ. ಹಿಂದಿನವರ ಸಾಲು ಉದ್ದವಿಲ್ಲದಿದ್ದರೆ ಐದು ಸೆಕೆಂಡು ಕಾಯಿರಿ.